ಅವ್ವನಿಗೆ ಸ್ನಾನ ಮಾಡಿಸಿದವರು

ನಮ್ಮ ಅವ್ವ ಶಿಗ್ಗಾವಿಯಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದಳು. ಹಾನಗಲ್ಲಿನ ನಮ್ಮ ಚರ್ಚಿನ ಸಭೆಯವರಿಗೆ ಅವಳ ನೆನಪಾಗುತ್ತಿದ್ದದ್ದು ಯಾರದಾದರೂ ಮನೆಯಲ್ಲಿ ಹೆಂಗಸು ತೀರಿಕೊಂಡಾಗ ಮಾತ್ರ. ಸುತ್ತಲಿನ ತಾಲ್ಲೂಕುಗಳಲ್ಲಿ ಚದುರಿಹೋದ ಕೆಲವೇ ಕ್ರೈಸ್ತ ಮನೆಗಳು ನಮ್ಮವು. ಸತ್ತ ಹೆಂಗಸರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಬಿಳಿ ಸೀರೆ ಉಡಿಸಿ ಪೆಟ್ಟಿಗೆಗೆ ಸಿದ್ಧ ಮಾಡುವ ಕೆಲಸ ಅವ್ವನದು. ಯಾರೂ ಅದನ್ನು ಅವಳಿಗೆ ವಹಿಸಿರಲಿಲ್ಲ. ಒಮ್ಮೆ ಯಾರೂ ಮುಂದೆ ಬಾರದಿದ್ದಾಗ ಮಾಡಿದಳಂತೆ, ಆಮೇಲೆ ಅದು ಅವಳದೇ ಆಯಿತು.

ದೂರದ ಹಿರೇಕೆರೂರಿನಿಂದ ಫೋನ್ ಬಂದರೂ ರಜೆ ಹಾಕಿ ಬಸ್ಸು ಹತ್ತುತ್ತಿದ್ದಳು. ಕೆಲಸ ಮುಗಿದ ಮೇಲೆ ಆ ಮನೆಯವರು ಹೊರಗೆ ಕಟ್ಟೆಯ ಮೇಲೆ ಅವಳಿಗೆ ಚಹಾ ಕೊಡುತ್ತಿದ್ದರು. ಭಾನುವಾರದ ಆರಾಧನೆಯಲ್ಲಿ ಅವಳ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಪಾದ್ರಿಗಳು ಗದ್ಗದಿತರಾಗಿ ಹೇಳುವಾಗಲೂ ಯಾರೂ ಅತ್ತ ಸರಿದು ಕೂರುತ್ತಿರಲಿಲ್ಲ. ನಾನೂ ಬೇರೆಯವಳೇನಲ್ಲ. ಅವಳು ಅಂಥ ಮನೆಗೆ ಹೋಗಿ ಬಂದ ದಿನ ಅಡಿಗೆ ನಾನೇ ಮಾಡುತ್ತಿದ್ದೆ. ದಣಿದಿದ್ದಾಳೆ ಎಂಬುದು ನೆಪ. ಅವಳ ಕೈಯಡಿಗೆ ಅಂದು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ನೀನ ಯಾಕ ಹೋಗಬೇಕು? ಬ್ಯಾರೆ ಯಾರೂ ಇಲ್ಲೇನು?” ಎಂದು ಒಮ್ಮೆ ಜಗಳ ತೆಗೆದೆ.

“ಸತ್ತಾಕಿ ತಾನ ತೊಳಕೊಳ್ಳಾಕ ಆಗೂದಿಲ್ಲಲ್ಲ,” ಎಂದಳು. ಅಷ್ಟೇ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ಎದೆನೋವೆಂದು ಕುಳಿತವಳು ಏಳಲಿಲ್ಲ. ಪಾದ್ರಿಗಳಿಗೆ ಫೋನ್ ಮಾಡಿದೆ. “ಮೂರು ಗಂಟೆಕ್ಕ ಮಣ್ಣು ಮಾಡೂಣು. ಅಷ್ಟರಾಗ ತಯಾರಿ ಮಾಡ್ಕೊಂಡಿರ್ರಿ,” ಎಂದರು. ಸಭೆಯ ಐದು ಹೆಂಗಸರು ಬಂದರು. ಅವರಲ್ಲಿ ಮೂವರ ತಾಯಂದಿರಿಗೆ ಅವ್ವನೇ ಸ್ನಾನ ಮಾಡಿಸಿದ್ದಳು. ಐವರೂ ಪಡಸಾಲೆ ದಾಟಿ ಒಳಗೆ ಬರಲಿಲ್ಲ.

“ನಮಗ ಅದೆಲ್ಲಾ ಬರೂದಿಲ್ಲವಾ, ಅಂಜಿಕಿ ಬರ್ತೈತಿ,” ಎಂದರು ಒಬ್ಬರು.

“ದವಾಖಾನಿ ನರ್ಸ್‌ನ ಯಾರನ್ನರ ಕರಸ್ರಿ,” ಎಂದರು ಇನ್ನೊಬ್ಬರು.

ಆಗ ಅವ್ವನ ಫೋನ್ ರಿಂಗಾಯಿತು. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಒಬ್ಬ ಮುಸ್ಲಿಂ ಹೆಂಗಸು. ತಮ್ಮ ಜನರಲ್ಲಿ ತೀರಿಕೊಂಡ ಹೆಂಗಸರಿಗೆ ಸ್ನಾನ ಮಾಡಿಸುವವರು ಅವರೇ. ಶಿಗ್ಗಾವಿ ಸಂತೆಯಲ್ಲಿ ಅವ್ವನ ಪರಿಚಯವಾಗಿ ಆಗಾಗ ಫೋನ್ ಮಾಡುತ್ತಿದ್ದರು. ನಾನು ಸುದ್ದಿ ಹೇಳಿದೆ. “ಬಿಸಿನೀರು ಇಡು ಬೇಟಿ, ಬರಾಕತ್ತೇನಿ,” ಎಂದರು.

ಒಂದು ತಾಸಿನಲ್ಲಿ ನೆನೆದುಕೊಂಡೇ ಬಂದರು. ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ತೋಳಿನ ಬಟ್ಟೆ ಮೇಲೇರಿಸಿ ಕೇಳಿದರು: “ನಿಮ್ಮಾಗ ಹೆಂಗ ಮಾಡ್ತೀರಿ ಹೇಳು, ಹಂಗ ಮಾಡೂಣು.”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳ ಜೊತೆ ಒಂದೇ ಮನೆಯಲ್ಲಿದ್ದು ಒಮ್ಮೆಯೂ ಕೇಳಿರಲಿಲ್ಲ.

“ಇರ್ಲಿ, ಅಕಿ ಹೇಳಿದ್ದು ನನಗ ನೆನಪೈತಿ,” ಎಂದು ಅವರು ಮೊದಲು ಅವ್ವನ ಮುಖ ಒರೆಸಿದರು. ನಾನು ನೀರು ಹಾಕುತ್ತ ಹೋದೆ. ಎಲ್ಲ ಮುಗಿದ ಮೇಲೆ, ಪಡಸಾಲೆಯಲ್ಲಿದ್ದವರು ಜಾಗ ಬಿಟ್ಟು ಸರಿದು ನಿಲ್ಲುವಾಗ, ಅವರು ಬುರ್ಖಾ ಹಾಕಿಕೊಂಡು, ಯಾರನ್ನೂ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದರು.

ಸಮಾಧಿಯ ಬಳಿ ಪಾದ್ರಿಗಳು ಚೆನ್ನಾಗಿಯೇ ಮಾತಾಡಿದರು. ಇಂಥ ದೀನ ಸೇವೆಗೆ ಪರಲೋಕದಲ್ಲಿ ಕಿರೀಟ ಕಾದಿದೆ ಎಂದರು. ಆ ಐವರೂ ಕಣ್ಣೊರೆಸಿಕೊಂಡರು. ತಾವು ಅವಳಿಗೆ ಕೊಡಬೇಕಾದದ್ದನ್ನೆಲ್ಲ ದೇವರ ಮೇಲೆ ಹಾಕಿ ಇವರು ಎಷ್ಟು ಹಗುರಾಗಿದ್ದಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ತಿಂಗಳು ಕಳೆದಿರಲಿಲ್ಲ, ಸಭೆಯ ಹಿರಿಯರೊಬ್ಬರು ಫೋನ್ ಮಾಡಿದರು. ಹಿರೇಕೆರೂರಿನಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದರು.

“ನಿಮ್ಮ ಅವ್ವಾರ ಸೇವಾ ನೀವು ಮುಂದುವರಸ್ರಿ. ದೇವರು ಪ್ರತಿಫಲ ಕೊಡ್ತಾನ.”

“ಹಂಗಾದ್ರ ನಿಮ್ಮ ಮನಿಯವರನ್ನ ಕಳಸ್ರಿ. ಆ ಪ್ರತಿಫಲ ಅವರಿಗೇ ಬರ್ಲಿ,” ಎಂದು ಫೋನ್ ಇಟ್ಟೆ.

ಆ ಕ್ಷಣಕ್ಕೆ ಹಗುರೆನಿಸಿತು. ಮುಂದಿನ ಭಾನುವಾರ ಗೊತ್ತಾಯಿತು: ಆ ಮುದುಕಿಯನ್ನು ಯಾರೂ ಮುಟ್ಟಲಿಲ್ಲವಂತೆ. ಉಟ್ಟ ಸೀರೆಯ ಮೇಲೇ ಹೊಸದೊಂದನ್ನು ಹೊದಿಸಿ ಪೆಟ್ಟಿಗೆಯಲ್ಲಿಟ್ಟರಂತೆ. ಹೇಳಿದವರ ದನಿಯಲ್ಲಿ ನನ್ನ ಮೇಲಿನ ದೂರು ಇತ್ತು, ತಮ್ಮ ಬಗ್ಗೆ ಏನೂ ಇರಲಿಲ್ಲ. ಅವರಷ್ಟೇ ನಾನೂ ಆ ಮುದುಕಿಯನ್ನು ಹಾಗೆಯೇ ಬಿಟ್ಟಿದ್ದೆ. ಆಮೇಲೆ ಯಾರೂ ನನ್ನನ್ನು ಕರೆದಿಲ್ಲ.