ಸುನೀತಕ್ಕ ಬೇಡವೆಂದ ಪಾತ್ರ

ಸುನೀತಕ್ಕ ಅಡುಗೆಮನೆಯಿಂದ ಗಂಡನಿಗೆ "ಚಹಾ ಬೇಕಾ?" ಎಂದು ಕೇಳಿದರೆ, ಪಕ್ಕದ ಫ್ಲಾಟಿನಲ್ಲಿ ಕೂತ ನಾನು ಬೇಕು ಎನ್ನುತ್ತಿದ್ದೆ. ಅಂಥ ಗಂಟಲು ಅವರದು. ಕೂಗುತ್ತಿದ್ದರೆಂದಲ್ಲ. ಮೈಕಿಲ್ಲದ ರಂಗಮಂದಿರಗಳಲ್ಲಿ ಪಳಗಿದ ಸ್ವರ ಸೌದಿಯ ಯಾನ್ಬು ಊರಿನ ಎರಡು ಕೋಣೆಗಳಲ್ಲಿ ಹಿಡಿಸುತ್ತಿರಲಿಲ್ಲ, ಅಷ್ಟೆ. ತಮಾಷೆ ಮಾಡಿದರೆ, "ಕೊನೆ ಸಾಲಲ್ಲಿ ಕೂತವನೂ ಟಿಕೆಟ್ ತಗೊಂಡೇ ಬಂದದ್ದಲ್ವಾ ಮಾರಾಯ?" ಎನ್ನುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಸಿಂಗಾಪುರದಲ್ಲಿ. ಕನ್ನಡ ಕಲಿಸಿದ್ದು ಉಡುಪಿ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದ ತಾಯಿ. ಹದಿನೇಳನೇ ವಯಸ್ಸಿಗೆ ರಂಗ ಹತ್ತಿದವರು ಆಮೇಲೆ ಟಿ.ವಿ. ಧಾರಾವಾಹಿಗಳು, ನಾಲ್ಕಾರು ಸಿನಿಮಾ ಎಂದು ಇಪ್ಪತ್ತು ವರ್ಷ ದುಡಿದರು. ಸಿಕ್ಕಿದ್ದೆಲ್ಲ ನರ್ಸು, ನೆರೆಮನೆಯಾಕೆ, ನಾಯಕಿಯ ಅತ್ತಿಗೆ. "ನಾಯಕಿಗೆ ಎಷ್ಟು ಸಲ ನೀರು ಕೊಟ್ಟಿದ್ದೇನೆ ಗೊತ್ತುಂಟಾ? ಆದ್ರೆ ಒಂದು ಸಲವೂ ಲೋಟ ಸುಮ್ನೆ ಕೊಟ್ಟವಳಲ್ಲ" ಎಂದು ನಗುತ್ತಿದ್ದರು. ಗಂಡ ದಿವಾಕರಣ್ಣನಿಗೆ ಇಲ್ಲಿನ ರಿಫೈನರಿಯಲ್ಲಿ ಕೆಲಸವಾದಾಗ ಎಲ್ಲ ಬಿಟ್ಟು ಬಂದರು.

ಆರು ವರ್ಷ ಕಳೆದ ಮೇಲೆ ಸಿಂಗಾಪುರದಿಂದ ಹಳೆಯ ನಿರ್ದೇಶಕರೊಬ್ಬರ ಫೋನು ಬಂತು. ಹೊಸ ನಾಟಕ; ಕಾಣೆಯಾದ ಮಗನನ್ನು ಹುಡುಕುವ ತಾಯಿ; ಎರಡು ಗಂಟೆ ರಂಗದಿಂದ ಇಳಿಯದ ಪಾತ್ರ. ಸುನೀತಕ್ಕನಿಗೆ ಊಟ ತಿಂಡಿ ಬೇಡವಾಯಿತು. ಸೋಫಾವನ್ನು ಗೋಡೆಗೆ ಸರಿಸಿ, ರಂಗದ ಅಳತೆ ಹಿಡಿದು ನೆಲಕ್ಕೆ ಟೇಪು ಅಂಟಿಸಿ ಸಂಜೆ ಸಂಜೆ ಅಭ್ಯಾಸಕ್ಕೆ ಇಳಿದರು. ಮಗನ ಮಾತು ಓದುವ ಕೆಲಸ ನನ್ನ ಪಾಲಿಗೆ ಬಂತು. ನಾನೋ ಟ್ರಾವೆಲ್ ಆಫೀಸಿನ ಗುಮಾಸ್ತ. "ಪಾಸ್‌ಪೋರ್ಟ್ ನಂಬ್ರ ಓದಿದ ಹಾಗೆ ಓದ್ಬೇಡ ರಫೀಕ, ಎದುರಿಗೆ ನಿಂತದ್ದು ನಿನ್ನ ಅಮ್ಮ" ಎಂದು ಗದರುತ್ತಿದ್ದರು. ಒಂದು ಸಂಜೆ ಅವರ ಕಣ್ಣು ನೋಡಿ ನಾನು ಓದುತ್ತಿದ್ದ ಸಾಲೇ ತಪ್ಪಿಹೋಯಿತು. ದಿವಾಕರಣ್ಣ ಎದ್ದು ಒಳಗೆ ಹೋದರು.

ಹೊರಡುವ ಹೊತ್ತಿಗೆ ಅವರಿಗೆ ಹೊಸ ಪಾಸ್‌ಪೋರ್ಟ್ ಬಂದಿತ್ತು. ಆದರೆ ಇಲ್ಲಿ ನೆಲೆಸಲು ಕೊಡುವ ಇಕಾಮಾ ಪರವಾನಗಿಯಲ್ಲೂ ಹೋಗಿಬರುವ ವೀಸಾದಲ್ಲೂ ಇದ್ದದ್ದು ಹಳೆಯ ನಂಬರು. ಮೊದಲು ಅದನ್ನು ಬದಲಾಯಿಸಬೇಕೆಂಬುದು ನನ್ನ ಕೆಲಸದಲ್ಲಿದ್ದವನಿಗೆ ಗೊತ್ತಿರಲೇಬೇಕಾದ ವಿಷಯ. ಅವರು ಬಂದು ಕೇಳಿಯೂ ಕೇಳಿದರು. ನಾನು ಬಲು ತಿಳಿದವನ ಹಾಗೆ, "ಎಂತ ಆಗುದಿಲ್ಲ ಅಕ್ಕ, ಎರಡೂ ಪಾಸ್‌ಪೋರ್ಟ್ ಒಟ್ಟಿಗೆ ತೋರ್ಸಿ, ಬಿಡ್ತಾರೆ" ಎಂದೆ.

ಜಿದ್ದಾ ವಿಮಾನ ನಿಲ್ದಾಣದಲ್ಲಿ ಬಿಡಲಿಲ್ಲ. ಮರುದಿನದಿಂದ ಈದ್ ರಜೆ. ಕಚೇರಿ ತೆರೆದು ದಾಖಲೆ ಸರಿಯಾಗಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಪಾತ್ರ ಬೇರೊಬ್ಬರ ಪಾಲಾಗಿತ್ತು. ನಾನು ಹೋದಾಗ ಸುನೀತಕ್ಕ ನೆಲದಲ್ಲಿ ಕೂತು ಉಗುರಿನಿಂದ ಟೇಪು ಕೀಳುತ್ತಿದ್ದರು. "ಕೂತ್ಕೋ" ಎಂದರು. ಆ ಸ್ವರ ಎದುರಿಗಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಒಂದು ಬೈಗುಳವಾದರೂ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುವರ್ಷ ದಿವಾಕರಣ್ಣನ ಕಾಂಟ್ರಾಕ್ಟ್ ಮುಗಿದು ಇಬ್ಬರೂ ಸಿಂಗಾಪುರಕ್ಕೆ ಹೊರಟರು. ಕನ್ನಡದವರೆಲ್ಲ ಸೇರಿ ಬೀಳ್ಕೊಡುವ ಊಟ ಇಟ್ಟುಕೊಂಡೆವು. ಯಾರೋ ಕೇಳಿಯೇ ಬಿಟ್ಟರು: "ಆ ನಾಟಕಕ್ಕೆ ಹೋಗ್ಲಿಕ್ಕೆ ಪೇಪರಲ್ಲಿ ಎಂತದೋ ಎಡವಟ್ಟಾಯ್ತಂತೆ, ಹೌದಾ?"

ಸುನೀತಕ್ಕ ನನ್ನ ಕಡೆ ನೋಡಲೂ ಇಲ್ಲ. "ಛೆ, ಪೇಪರಿಗೆ ಎಂತ ಆಗಿದೆ? ಪಾತ್ರ ನಂಗೇ ಹಿಡಿಸ್ಲಿಲ್ಲ. ಈ ವಯಸ್ಸಲ್ಲಿ ಎರಡು ಗಂಟೆ ಯಾರು ಅಳುದು ಮಾರಾಯ್ರೆ?" ಎಂದು ನಕ್ಕರು. ಎಲ್ಲರೂ ನಕ್ಕರು, ಎಲ್ಲರೂ ನಂಬಿದರು. ಕಾರಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದೆ. ತಪ್ಪಾಯಿತು ಅಕ್ಕ ಎನ್ನಲು ಅಲ್ಲಿಯೂ ನನಗೆ ಬಾಯಿ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಸುನೀತಕ್ಕ ತೀರಿಕೊಂಡರು. ಸಿಂಗಾಪುರದ ಪತ್ರಿಕೆಯೊಂದರಲ್ಲಿ ಬಂದ ನಾಲ್ಕು ಸಾಲನ್ನು ದಿವಾಕರಣ್ಣ ಕಳಿಸಿದ್ದರು. ಜೀವಮಾನದಲ್ಲಿ ಒಮ್ಮೆ ಸಿಕ್ಕಿದ ಮುಖ್ಯ ಪಾತ್ರವನ್ನು ಹಿಡಿಸಲಿಲ್ಲವೆಂದು ತಾನೇ ಬಿಟ್ಟೆ ಎಂದು ಅವರು ಹೇಳಿಕೊಂಡಿದ್ದು ಅದರಲ್ಲಿ ಅಚ್ಚಾಗಿತ್ತು. ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ, ಆದರೂ ಹಾಗೇ ಹೇಳಿದ್ದರು. ಅದು ಸುಳ್ಳು. ಅವರಿಗೆ ಆ ಪಾತ್ರ ಬೇಕಿತ್ತು. ತುಂಬಾ ಬೇಕಿತ್ತು.