ಮುಟ್ಟಿದರೆ ಕಚ್ಚುವ ಲ್ಯಾಪ್‌ಟಾಪ್

ಇದು ಹೋದ ವರ್ಷ ಆಷಾಢದಲ್ಲಿ ನಡೆದದ್ದು. ನಾನು ಗುಂಡ್ಲುಪೇಟೆಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಆ ವರ್ಷ ದಾನಿಗಳೊಬ್ಬರು ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಕೊಡಿಸಿದ್ದರು. ಮನೆಗೆ ಒಯ್ದು ಓದಿಕೊಳ್ಳಬಹುದು, ಏನಾದರೂ ಕೆಟ್ಟರೆ ನನ್ನ ಹತ್ತಿರ ತರಬೇಕು ಎಂದು ಹೇಳಿದ್ದೆವು.

ದಿನಾ ಯಾರಾದರೂ ತರುತ್ತಿದ್ದರು. ‘ಆನ್ ಆಗ್ತಿಲ್ಲ ಮಿಸ್’ ಅನ್ನುವರು, ನೋಡಿದರೆ ಚಾರ್ಜೇ ಇರುತ್ತಿರಲಿಲ್ಲ. ‘ಸೌಂಡ್ ಬತ್ತಿಲ್ಲ ಮಿಸ್’ ಅನ್ನುವರು, ಮನೆಯಲ್ಲಿ ತಮ್ಮನೋ ತಂಗಿಯೋ ಸೌಂಡ್ ಆಫ್ ಮಾಡಿಟ್ಟಿರುತ್ತಿದ್ದರು. ಪಾಸ್‌ವರ್ಡ್ ಮರೆತವರು, ಕೀಬೋರ್ಡಿನ ಸಂದಿಗೆ ಖಾರದ ಮಿಕ್ಸ್ಚರ್ ಸುರಿದುಕೊಂಡವರು, ಎಲ್ಲರೂ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಅರ್ಧಕ್ಕರ್ಧ ತೊಂದರೆಗಳು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿದ್ದವು.

ಪಲ್ಲವಿ ತಂದ ದೂರು ಮಾತ್ರ ಬೇರೆ ಥರ ಇತ್ತು.

“ಮಿಸ್, ಇದು ಕಚ್ತದೆ.”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ತಲೆ ತಗ್ಗಿಸಿದಳು. ಅವಳದು ಗೋಪಾಲಸ್ವಾಮಿ ಬೆಟ್ಟದ ದಾರಿಯಲ್ಲಿರುವ ಊರು. ಅಪ್ಪ ಮಹದೇವಸ್ವಾಮಿ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪ್ ಡ್ರೈವರ್. ಮಾತು ಕಡಿಮೆಯ ಹುಡುಗಿ, ಸುಮ್ಮನೆ ಏನೂ ಹೇಳುವವಳಲ್ಲ.

“ಕಚ್ಚೋದು ಅಂದ್ರೆ ಹೇಗಮ್ಮ?” ಎಂದೆ.

“ಚಾರ್ಜಿಗೆ ಹಾಕ್ಕಂಡು ಮುಟ್ಟಿದ್ರೆ ಕೈ ಜುಮ್ ಅಂತದೆ ಮಿಸ್. ಇರುವೆ ಕಚ್ದಂಗೆ.”

ಅದರ ಮೇಲ್ಮೈ ಲೋಹದ್ದು. ಲ್ಯಾಬಿನಲ್ಲಿ ಚಾರ್ಜಿಗೆ ಹಾಕಿ, ಮೇಲೆ ಕೆಳಗೆ ಎಲ್ಲ ಕಡೆ ಮುಟ್ಟಿ ನೋಡಿದೆ. ಏನೂ ಇಲ್ಲ. ಆದರೂ ಇರಲಿ ಎಂದು ಚಾರ್ಜರ್ ಬದಲಾಯಿಸಿ ಕೊಟ್ಟೆ. ಮಾರನೆಯ ದಿನ ಮತ್ತೆ ಬಂದಳು. “ಇನ್ನೂ ಕಚ್ತದೆ ಮಿಸ್.” ಈ ಸಲ ಲ್ಯಾಪ್‌ಟಾಪನ್ನೇ ಅವಳ ಗೆಳತಿಯದಕ್ಕೆ ಅದಲು ಬದಲು ಮಾಡಿದೆ. ಪಲ್ಲವಿಯ ಲ್ಯಾಪ್‌ಟಾಪ್ ಗೆಳತಿಯ ಮನೆಯಲ್ಲಿ ತೆಪ್ಪಗಿತ್ತು. ಗೆಳತಿಯದು ಪಲ್ಲವಿಯ ಮನೆಗೆ ಹೋದ ತಕ್ಷಣ ಕಚ್ಚಲು ಶುರು ಮಾಡಿತು.

ಅಂದರೆ ದೋಷ ಯಂತ್ರದಲ್ಲಿಲ್ಲ, ಮನೆಯಲ್ಲಿದೆ. ಅಷ್ಟು ನನಗೆ ಹೊಳೆಯಿತು. ಆದರೆ “ಯಾವಾಗ ಹಂಗಾಗುತ್ತೆ?” ಎಂದು ಕೇಳಿದಾಗ ಅವಳು ಹೇಳಿದ ಉತ್ತರದಿಂದ ಮತ್ತೆ ತಲೆ ಕೆಟ್ಟಿತು.

“ಬೆಳಿಗ್ಗೆ ಓದಕ್ಕೆ ಕೂತಾಗ ಮಾತ್ರ ಮಿಸ್. ಸಂಜೆ ಏನೂ ಇಲ್ಲ.”

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ಎಲ್ಲರಿಗೂ ನಗು. “ಬೆಳಿಗ್ಗೆ ಓದೋಕೆ ಕಳ್ಳಬೀಳ್ತಾಳೆ ಬಿಡಿ ಮೇಡಂ” ಎಂದರು ಒಬ್ಬರು. ಆ ಶನಿವಾರ ಪಲ್ಲವಿ ಲ್ಯಾಪ್‌ಟಾಪನ್ನು ತಂದು ನನ್ನ ಮೇಜಿನ ಮೇಲಿಟ್ಟು, “ನಂಗೆ ಬ್ಯಾಡ ಮಿಸ್, ಬೇರೆಯವ್ರಿಗೆ ಕೊಟ್ಬುಡಿ. ಮನೇಲಿ ಅಪ್ಪನೂ ಬೈತರೆ” ಎಂದಳು. ಕಣ್ಣು ತುಂಬಿಕೊಂಡಿದ್ದವು. “ಇದನ್ನ ತಗೊಂಡು ಹೋಗು, ನಾಳೆ ಬೆಳಿಗ್ಗೆ ನಾನೇ ನಿಮ್ಮನೆಗೆ ಬರ್ತೀನಿ” ಎಂದು ಹೇಳಿ ಕಳಿಸಿದೆ.

ಭಾನುವಾರ ಸ್ಕೂಟರಿನಲ್ಲಿ ಹೊರಟೆ. ಬೆಟ್ಟ ಪೂರ್ತಿ ಮೋಡದಲ್ಲಿ ಮುಳುಗಿತ್ತು. ಕೈ ಮರಗಟ್ಟುವಷ್ಟು ಚಳಿ. ಮಹದೇವಸ್ವಾಮಿಯವರಿಗೆ ಅಂದು ರಜೆ. ಅವರ ಹೆಂಡತಿ ರತ್ನಮ್ಮ ಆಗತಾನೇ ನೆಲ ಒರೆಸಿದ್ದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆ. ಮಹದೇವಸ್ವಾಮಿಯವರ ತಾಯಿ ದೊಡ್ಡತಾಯಮ್ಮ ಶಾಲು ಹೊದ್ದು ಕುರ್ಚಿಯಲ್ಲಿ ಮುದುರಿ ಕೂತಿದ್ದರು. ರತ್ನಮ್ಮ ಕಾಫಿ ಕೊಟ್ಟು ಒಳಗೆ ಹೋದರು.

“ಇವ್ಳದೊಂದು ದಿನಾ ಇದೇ ರಾಗ ಮೇಡಂ. ನಾನು ಮುಟ್ಟುದ್ರೆ ಏನೂ ಆಗಕ್ಕಿಲ್ಲ” ಎಂದರು ಮಹದೇವಸ್ವಾಮಿ. ಸಂಜೆ ಡ್ಯೂಟಿ ಮುಗಿಸಿ ಬಂದು ಮುಟ್ಟಿ ನೋಡುತ್ತಿದ್ದರಂತೆ.

“ನೀನು ದಿನಾ ಹೇಗೆ ಕೂರ್ತೀಯೋ ಹಾಗೇ ಇಡು” ಎಂದೆ. ಪಲ್ಲವಿ ಗೋಡೆ ಪಕ್ಕದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಾರ್ಜರಿನ ಪ್ಲಗ್ ಚುಚ್ಚಿ ಸ್ವಿಚ್ ಹಾಕಿದಳು. ಅವಳು ದಿನಾ ಹಾಸಿಕೊಳ್ಳುವ ಚಾಪೆ ತರುವ ಮೊದಲೇ ನಾನು ಒದ್ದೆ ನೆಲದ ಮೇಲೇ ಕೂತು ಅದರ ಮೇಲೆ ಅಂಗೈ ಇಟ್ಟೆ.

ಇರುವೆ ಕಚ್ಚಿದ ಹಾಗಲ್ಲ, ಯಾರೋ ಮೊಣಕೈಗೆ ದೊಣ್ಣೆಯಲ್ಲಿ ಬಾರಿಸಿದ ಹಾಗಾಯಿತು. ಕೈ ತಾನಾಗಿ ಹಿಂದಕ್ಕೆ ಸಿಡಿದು ಗೋಡೆಗೆ ಬಡಿಯಿತು. “ಸ್ವಿಚ್... ಸ್ವಿಚ್...” ಅಂದೆ ಅಷ್ಟೆ. ಮಹದೇವಸ್ವಾಮಿ ಓಡಿಬಂದು ಸ್ವಿಚ್ ಆರಿಸಿದರು.

ಆಗ ಅಜ್ಜಿ ಕುರ್ಚಿಯಿಂದಲೇ ಮೆಲ್ಲಗೆ ಹೇಳಿದರು: “ನಂಗೂ ಅಂಗೇಯ ಕಣವ್ವ. ಕೈಯೆಲ್ಲ ಜುಮ್ ಅಂತದೆ. ಸಕ್ಕರೆ ಕಾಯ್ಲೆ ನೋಡು, ನರ ಎಲ್ಲ ಸತ್ತೋಗವೆ.”

“ದಿನವೆಲ್ಲ ಹಂಗಾಗುತ್ತಾ ಅಜ್ಜಿ?”

“ಇಲ್ಲ ಕಣವ್ವ, ಬೆಳಗ್ಗೆ ನೀರು ಉಯ್ಕಳಾಗ ಮಾತ್ರ. ಬಿಸ್ನೀರು ನಲ್ಲಿ ತಿರುಗುಸ್ತಿದ್ದಂಗೆ ಮೊಣಕೈಗಂಟ ಬತ್ತದೆ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ.”

ಲ್ಯಾಪ್‌ಟಾಪ್ ಕಚ್ಚುವುದೂ ಬೆಳಿಗ್ಗೆ ಮಾತ್ರ. ಅದೇ ಹೊತ್ತಿಗೆ ಬಚ್ಚಲುಮನೆಯಿಂದ ರತ್ನಮ್ಮನ ದನಿ ಕೇಳಿಸಿತು. “ಅತ್ತೆ, ಗೀಸರ್ ನೀರು ಕಾದದೆ. ಇವತ್ತು ನಾನೇ ಬಕೀಟಿಗೆ ಬುಡ್ತೀನಿ, ಬನ್ನಿ.”

“ರತ್ನಮ್ಮ, ನಲ್ಲಿ ಮುಟ್ಟಬೇಡಿ! ಮುಟ್ಟಬೇಡಿ, ಹೊರಗೆ ಬನ್ನಿ!”

ಅಷ್ಟು ಜೋರಾಗಿ ನಾನು ಜೀವಮಾನದಲ್ಲೇ ಕಿರುಚಿಲ್ಲ. ಒಳಗೆ ಬಕೆಟ್ ಧಡಾರೆಂದು ಬಿತ್ತು. ಆಮೇಲೆ ಸದ್ದೇ ಇಲ್ಲ. ಮಹದೇವಸ್ವಾಮಿ ಮೇನ್ ಸ್ವಿಚ್ಚಿನ ಕಡೆ ಹಾರಿದರು. ಪಲ್ಲವಿ “ಅವ್ವಾ” ಎಂದು ಅಳುತ್ತಾ ಒಳಕ್ಕೆ ನುಗ್ಗಿದಳು, ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

ಬಚ್ಚಲುಮನೆ ಬಾಗಿಲಲ್ಲಿ ರತ್ನಮ್ಮ ಕಾಣಿಸಿಕೊಂಡರು. ನನ್ನ ಕೂಗಿಗೆ ಬೆಚ್ಚಿ ಬಕೆಟ್ ಕೈಬಿಟ್ಟಿದ್ದರು. ನಲ್ಲಿ ಮುಟ್ಟಿರಲಿಲ್ಲ.

ಅದೇ ಬೀದಿಯ ಎಲೆಕ್ಟ್ರಿಷಿಯನ್ ಸಿದ್ದರಾಜು ಬಂದು ಗೀಸರ್ ಬಿಚ್ಚಿ ನೋಡಿದ. ಒಳಗೆ ನೀರು ಕಾಯಿಸುವ ಕಾಯಿಲ್ ಸೀಳಿ, ಗೀಸರಿನ ಮೈಗೆಲ್ಲ ಕರೆಂಟ್ ಹರಿಯುತ್ತಿತ್ತು. ಅಲ್ಲಿಂದ ನಲ್ಲಿಯವರೆಗೂ ಕಬ್ಬಿಣದ ಪೈಪು.

“ಇಂಥ ಕರೆಂಟು ಅರ್ತ್ ತಂತೀಲಿ ನೆಲಕ್ಕೋಗ್ಬುಡ್ಬೇಕು. ಎಲ್ಲಣ್ಣ ತಂತಿ? ಹಿಂದುಗಡೆ ಗೋಡೇಲಿ ಇತ್ತಲ್ಲ?” ಎಂದು ಕೇಳಿದ.

“ಮೋರಿ ಕಟ್ಟಿಸ್ದಾಗ ಯಾವ್ದೋ ಹಳೇ ತಂತಿ ಅನ್ಕಂಡು ಕಿತ್ತಾಕ್ಬುಟ್ಟೆ ಕಣ್ಲಾ” ಎಂದು ಮಹದೇವಸ್ವಾಮಿ ಹಿತ್ತಲ ಕಡೆ ಕೈ ತೋರಿಸಿದರು. ಆ ತಂತಿ ಅವರೆ ಬಳ್ಳಿಯ ಚಪ್ಪರಕ್ಕೆ ಬಿಗಿಯಾಗಿ ಕಟ್ಟಿತ್ತು. ಬಳ್ಳಿ ಹೂ ಬಿಟ್ಟಿತ್ತು.

ನೆಲಕ್ಕೆ ಹೋಗಲು ದಾರಿ ಸಿಗದ ಕರೆಂಟು, ಮನೆಯ ಮೂರು ಪಿನ್ನಿನ ಸಾಕೆಟ್ಟುಗಳನ್ನೆಲ್ಲ ಜೋಡಿಸುವ ಅದೇ ಅರ್ತ್ ತಂತಿ ಹಿಡಿದು, ಚಾರ್ಜರಿನ ಮೂಲಕ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತಿತ್ತು. ಗೀಸರ್ ಹಾಕುತ್ತಿದ್ದದ್ದು ಬೆಳಿಗ್ಗೆ, ಅಜ್ಜಿಯ ಸ್ನಾನಕ್ಕೆ ಮಾತ್ರ. ಮಿಕ್ಕವರೆಲ್ಲ ಒಲೆಯ ನೀರಲ್ಲಿ ಸ್ನಾನ ಮಾಡುತ್ತಿದ್ದರು. ನೀರು ಆರಿಹೋದೀತೆಂದು ಅಜ್ಜಿ ಗೀಸರ್ ಆರಿಸಲು ಬಿಡುತ್ತಿರಲಿಲ್ಲವಂತೆ. ಬಚ್ಚಲಲ್ಲಿ ಯಾವುದರ ಮೇಲೆ ಕೂರುತ್ತೀರಿ ಎಂದು ಸಿದ್ದರಾಜು ಅಜ್ಜಿಯನ್ನು ಕೇಳಿದ. ಮರದ ಮಣೆ, ನೆಲ ತಣ್ಣಗಿರುತ್ತದೆಂದು ಕಾಲನ್ನೂ ಅದರ ಮೇಲೇ ಎತ್ತಿಟ್ಟುಕೊಳ್ಳುತ್ತೇನೆ ಎಂದರು. ಸಿದ್ದರಾಜು ಒಂದು ಸಲ ಅವರನ್ನು ನೋಡಿ, “ಅದ್ಕೇ ಇನ್ನೂ ನಮ್ ಮುಂದೆ ಕೂತಿದ್ದೀಯೆ ಕಣಜ್ಜಿ” ಎಂದ.

“ಅಂಗಾದ್ರೆ ನನ್ನ ನರ ಎಲ್ಲ ಚೆನ್ನಾಗೇ ಅವೆ ಅನ್ನು!” ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. ಬೇರೆ ಯಾರಿಗೂ ನಗು ಬರಲಿಲ್ಲ. ಮಹದೇವಸ್ವಾಮಿ ಮಗಳ ತಲೆಯ ಮೇಲೆ ಕೈಯಿಟ್ಟು, “ಸುಳ್ಳೇಳ್ತೀಯ ಅಂತ ಬೈದ್ಬುಟ್ನಲ್ಲ ಕಣಮ್ಮಿ” ಎಂದರು. ಆಮೇಲೆ ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ವಾಪಸು ಬರುವಾಗ ಹೆದ್ದಾರಿಯವರೆಗೆ ಹೇಗೋ ಬಂದೆ. ಆಮೇಲೆ ಸ್ಕೂಟರ್ ಹಿಡಿಯಲಾಗದೆ ಚೆಂಡುಹೂವಿನ ಹೊಲದ ಪಕ್ಕ ನಿಲ್ಲಿಸಿ ಮಣ್ಣಿನಲ್ಲೇ ಕೂತುಬಿಟ್ಟೆ. ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ ಕೇರಳದ ಹೆಂಗಸೊಬ್ಬರು ಹತ್ತಿರ ಬಂದು, “ಎಂತಾ ಚೇಚಿ, ವೆಳ್ಳಂ ವೇಣೋ?” ಎಂದು ನೀರಿನ ಬಾಟಲಿ ಚಾಚಿದರು. ನೀರು ಕುಡಿದು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ನನ್ನ ಪಕ್ಕ ಕೂತರು.

ಈಗಲೂ ಮಕ್ಕಳು ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತಾರೆ. ನಗು ಬರುವಂಥ ದೂರೇ ಆದರೂ ಎಲ್ಲಿ ಕೂತಿದ್ದೆ, ಯಾವಾಗ ಆಯಿತು, ಮನೆಯಲ್ಲಿ ಇನ್ನು ಯಾರಿಗೆ ಹೀಗಾಗುತ್ತದೆ ಎಂದು ಕೇಳದೆ ನಾನು ಯಾರನ್ನೂ ಕಳಿಸುವುದಿಲ್ಲ. ಮಕ್ಕಳಿಗೆ ಬೇಜಾರಾಗುತ್ತದೆ, ಆಗಲಿ. ಬಕೆಟ್ ಬಿದ್ದ ಸದ್ದಾದ ಮೇಲೆ ಆ ಬಾಗಿಲಲ್ಲಿ ಯಾರೂ ಕಾಣಿಸದೇ ಇದ್ದ ಆ ಒಂದು ಗಳಿಗೆ ನನ್ನ ಮೈಯಿಂದ ಇನ್ನೂ ಇಳಿದಿಲ್ಲ.