ಕರಿ ಹೇಟೆಯ ಹನ್ನೊಂದು ಮರಿ

ಪುಟ್ಟತ್ತೆಯ ಕೈಗುಣದಿಂದ ಮರಿಗಳು ಸಾಯಲಿಲ್ಲ. ಸಾಯಿಸಿದ್ದು ನಾನು. ಇಷ್ಟು ಹೇಳಲು ನನಗೆ ಅರವತ್ತು ವರ್ಷ ಬೇಕಾಯಿತು.

ಈಗ ನಾವಿರುವ ಜೆ.ಪಿ. ನಗರದ ಮನೆಯ ಕೆಳಗೊಂದು ಕೋಳಿ ಅಂಗಡಿಯಿದೆ. ಮಳೆ ಹಿಡಿದ ದಿನ ಒದ್ದೆ ಪುಕ್ಕದ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. "ಥೂ, ಗಬ್ಬು, ಅಜ್ಜಿ," ಎಂದು ಮೊಮ್ಮಗಳು ಕಿಟಕಿ ಮುಚ್ಚುತ್ತಾಳೆ. ಅವಳು ಸ್ಕೂಲಿಗೆ ಹೋದ ಮೇಲೆ ನಾನು ತೆಗೆಯುತ್ತೇನೆ. ಹುಳಿಮಾವು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿನ ನಮ್ಮ ಹಿತ್ತಿಲಿಗೂ ಇದೇ ವಾಸನೆಯಿತ್ತು. ಜೊತೆಗೆ ಬೂದಿ, ರಾಗಿ ಹುಲ್ಲು, ಪುಟ್ಟತ್ತೆಯ ಬಾಯಿಯ ಎಲೆಅಡಿಕೆ ಘಾಟು.

ಪುಟ್ಟತ್ತೆ ಅಪ್ಪನ ತಂಗಿ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಕಳಿಸಿಬಿಟ್ಟಿದ್ದರು. ನಮ್ಮ ಮನೆಯಲ್ಲಿ ಅವಳದು ಅನ್ನುವಂತಿದ್ದದ್ದು ಕೋಳಿಗೂಡೊಂದೇ. ಆದರೂ ಕಾವಿಗೆ ಮೊಟ್ಟೆ ಇಡಲು ಅವಳನ್ನು ಬಿಡುತ್ತಿರಲಿಲ್ಲ. ಅದಕ್ಕೆ ಹೆತ್ತವಳ ಕೈಯೇ ಆಗಬೇಕೆಂದು ನಮ್ಮವರ ನಂಬಿಕೆ. ಆ ವರ್ಷ ಅಮ್ಮ ಜ್ವರದಲ್ಲಿ ಮಲಗಿದ್ದಳು. ಗೂಡಿನ ಕೋಳಿಗಳಲ್ಲಿ ಕರಿ ಹೇಟೆ ಕಾವಿಗೆ ಬಂದು, ಕೂತಲ್ಲಿಂದ ಏಳದೆ, ಹತ್ತಿರ ಹೋದರೆ ಕೊರ್ ಎಂದು ಗುರುಗುಡುತ್ತಿತ್ತು. ಪುಟ್ಟತ್ತೆಯೇ ಮಂಕರಿಯಲ್ಲಿ ಬೂದಿ, ಹುಲ್ಲು ಹಾಸಿ ಹದಿಮೂರು ಮೊಟ್ಟೆ ಇಟ್ಟಳು. ಒಂದೊಂದಕ್ಕೂ ಇದ್ದಿಲಿನ ಗೀಟು. ಬೇರೆ ಕೋಳಿಗಳು ಅದೇ ಮಂಕರಿಯಲ್ಲಿ ಇಟ್ಟುಹೋದ ಮೊಟ್ಟೆಗೆ ಗೀಟಿರುವುದಿಲ್ಲ. ಸಂಜೆ ಅವನ್ನು ಆರಿಸಿ ತೆಗೆಯುತ್ತಿದ್ದಳು.

"ಈ ಹೇಟೇನ ಬೇರೆ ಕಡೆ ಇಟ್ರೆ ಈ ಕಾಟ ಇರಲ್ಲ ಅಲ್ವಾ ಅತ್ತೆ?" ಎಂದು ಕೇಳಿದ್ದೆ.

"ಇಟ್ಟು ನೋಡು. ಆಮೇಲೆ ತಂದು ಬಿಟ್ರೆ ಇವೇ ಕೋಳಿಗಳು ಯಾರೋ ಏನೋ ಅಂತ ಕುಕ್ಕಿ ಸಾಯಿಸ್ತವೆ. ಮರಿ ಗುಂಪಲ್ಲೇ ಹುಟ್ಬೇಕು, ಗುಂಪಲ್ಲೇ ಬೆಳೀಬೇಕು. ಹೋಗಿ ಬಂದವಳ ಗತಿ ನಾನ್ ಕಂಡಿಲ್ವಾ?" ಎಂದು ನಕ್ಕಳು.

ಹನ್ನೊಂದು ಮರಿಯಾದವು. ಅಮ್ಮ ಎದ್ದು ಬಂದು ಎಣಿಸಿ ಒಳಗೆ ಹೋದಳು. ಆ ವಾರವೆಲ್ಲ ಪುಟ್ಟತ್ತೆ ಕನಕಾಂಬರ ಮುಡಿದಿದ್ದಳು. ಕರಿ ಹೇಟೆ ಮರಿಗಳನ್ನು ಕಟ್ಟಿಕೊಂಡು, ಹುಂಜದ ಮುಂದೆಯೇ ಪುಕ್ಕ ಕೆದರಿಕೊಂಡು ಓಡಾಡುತ್ತಿತ್ತು. ಉಳಿದ ಕೋಳಿಗಳು ದಾರಿ ಬಿಡುತ್ತಿದ್ದವು.

ಆಮೇಲೆ ಪುಟ್ಟತ್ತೆ ಗೂಡನ್ನು ನನಗೊಪ್ಪಿಸಿ ಹತ್ತು ದಿನ ನೆಂಟರ ಊರಿಗೆ ಹೋದಳು. ನನಗೆ ಒಂಬತ್ತು ವರ್ಷ. ಮರಿಗಳು ಆಟಕ್ಕೆ ಕೈಗೆ ಸಿಗಲೆಂದು, ಅಷ್ಟೂ ದಿನ ತಾಯಿಯ ಸಮೇತ ಹಾಳು ಕೊಟ್ಟಿಗೆಯಲ್ಲಿ ಕೂಡಿಹಾಕಿದೆ. ಮನೆಯವರೆಲ್ಲ ರಾಗಿ ಕೊಯ್ಲಿನಲ್ಲಿದ್ದರು, ಯಾರೂ ನೋಡಲಿಲ್ಲ. ಅತ್ತೆ ಬರುವ ಸಂಜೆ ಬೈಗುಳದ ಭಯಕ್ಕೆ ತಾಯಿ ಮರಿಗಳನ್ನು ಉಳಿದ ಕೋಳಿಗಳಿದ್ದ ಗೂಡಿಗೇ ತುಂಬಿ ಬಾಗಿಲು ಹಾಕಿದೆ. ಬೆಳಕು ಹರಿದಾಗ ಗದ್ದಲ ಕೇಳಿ ಬಾಗಿಲು ತೆಗೆದದ್ದು ಪುಟ್ಟತ್ತೆ. ಎಂಟು ಮರಿ ಸತ್ತಿದ್ದವು. ಕರಿ ಹೇಟೆಯ ತಲೆಯೆಲ್ಲ ರಕ್ತ.

"ಕಾಲಿಟ್ಟಿದ್ದೇ ತಡ, ತಿಂದ್ಲು," ಎಂದಳು ಅಮ್ಮ. "ಬಂಜೆ ಕೈಲಿ ಮೊಟ್ಟೆ ಇಡಿಸ್ಬ್ಯಾಡಿ ಅಂತ ಜ್ವರದಲ್ಲೂ ಬಡ್ಕೊಂಡೆ."

ಅಪ್ಪ ಹಲ್ಲುಜ್ಜುತ್ತ ನಿಂತಿದ್ದ. ನಾನೂ ನಿಂತಿದ್ದೆ. ಅತ್ತೆ ಸತ್ತ ಮರಿಯೊಂದನ್ನು ಎತ್ತಿ ಕುಕ್ಕಿದ ಗಾಯಗಳನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳಿಗೆ ಗೊತ್ತಾಯಿತು. ನಾನಾಗಿಯೇ ಹೇಳಲೆಂದು ಕಾದಳೋ ಏನೋ.

ಆ ಹಿತ್ತಿಲ ಮೇಲೆ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಅತ್ತೆ ಮತ್ತೆಂದೂ ಕಾವಿಗೆ ಮೊಟ್ಟೆ ಇಡಲಿಲ್ಲ, ಹೂ ಮುಡಿಯಲಿಲ್ಲ. ನಿಮ್ಮ ಮನೆಗಳಲ್ಲೂ ಅಂಥವಳೊಬ್ಬಳು ಇದ್ದು ಹೋಗಿರಬಹುದು. ನಾನು ನಾಲ್ಕು ಹೆತ್ತೆ. ಎಷ್ಟೋ ಮನೆಯವರು ಕರೆದು ನನ್ನ ಕೈಲಿ ಕಾವಿಗೆ ಮೊಟ್ಟೆ ಇಡಿಸಿದರು, ಒಳ್ಳೇ ಕೈಗುಣ ಅಂದರು. ಬಾಯಿ ಮುಚ್ಚಿಕೊಂಡು ಇಟ್ಟುಬಂದೆ.

ಮರಿಗಳು ಸತ್ತ ಮರುದಿನ ಬೆಳಗ್ಗೆ ಅತ್ತೆ ಗೂಡಿನಿಂದ ನಾಲ್ಕು ಮಾರು ದೂರ ನಿಂತು, "ನೀನೇ ಬಾಗ್ಲು ತೆಗ್ಯವ್ವ, ನನ್ ಕೈ ಬ್ಯಾಡ," ಅಂದಳು.

ನಾನು ಹೋಗಿ ತೆಗೆದೆ.